ಎಲ್ಲಾ ಕರ್ತನ ಕೈಯಾಗೈತಿ

ಕಳಸಾಪುರದಿಂದ ಬೆಟಗೇರಿಯ ಚರ್ಚಿಗೆ ಬರುವವರಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಸಮರ್ಪಣಪ್ಪ ಎಂಬುದು ನಾವಿಟ್ಟ ಹೆಸರು. ‘ನಂದೇನೈತ್ರಿ, ಎಲ್ಲಾ ಕರ್ತನ ಕೈಯಾಗ ಕೊಟ್ಟುಬಿಟ್ಟೀನಿ’ ಎನ್ನದೆ ಅವರು ಚಹಾದ ಕಪ್ಪು ಸಹ ಎತ್ತುವುದಿಲ್ಲ. ಕೊಟ್ಟಿದ್ದಾರೆ, ಸುಳ್ಳಲ್ಲ. ಕೊಟ್ಟದ್ದು ಸರಿಯಾಗಿ ನಡೆದಿದೆಯೋ ಇಲ್ಲವೋ ಎಂಬ ಉಸ್ತುವಾರಿಯನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಂಡಿದ್ದಾರೆ.

‘ಕೈಯಾಗ ಕೊಟ್ಟೀರಿ ಖರೆ, ಇನ್ನೂ ಬಟ್ಟ ಬಿಟ್ಟಿಲ್ಲ’ ಎನ್ನುತ್ತಾರೆ ಅವರ ಮನೆಯವರು.

ಎರೆಹೊಲದ ಉಳ್ಳಾಗಡ್ಡಿಯ ರೇಟನ್ನು ಅವರು ಪೂರ್ತಿ ದೇವರಿಗೆ ಬಿಟ್ಟವರು. ಆದರೂ ಬೆಳಗ್ಗೆ ಹುಬ್ಬಳ್ಳಿಯ ದಲಾಲರಿಗೊಂದು ಫೋನು, ಮಧ್ಯಾಹ್ನ ಯಶವಂತಪುರದವರಿಗೊಂದು. ನಾಳೆ ಆ ಊರಿಗೆ ಹೋಗಿ ವ್ಯಾಪಾರ ಮಾಡಿ ಲಾಭ ಗಳಿಸುತ್ತೇವೆ ಎಂದು ಬೀಗುವವರನ್ನು ಯಾಕೋಬನ ಪತ್ರಿಕೆಯ 4ನೇ ಅಧ್ಯಾಯ ಗದರಿಸುತ್ತದೆ. ಮೊದಲು ದೇವರ ಚಿತ್ತದ ಮಾತು ಬರಲಿ ಎನ್ನುತ್ತದೆ. ಸಮರ್ಪಣಪ್ಪನವರು ಅದನ್ನು ಅಕ್ಷರಶಃ ಪಾಲಿಸುತ್ತಾರೆ. ‘ಕರ್ತನ ಚಿತ್ತ ಆದ್ರ ನಾಳೆ ಮುಂಜಾನೆ ಗಾಡಿಗೆ ಹುಬ್ಬಳ್ಳಿ. ಸೀಟೂ ಬುಕ್ ಮಾಡೀನಿ.’

ಮಗನ ಮದುವೆಯೂ ಕರ್ತನಿಗೇ ಬಿಟ್ಟದ್ದು. ಹುಡುಗಿ ಬಿ.ಎಡ್. ಆಗಿರಬೇಕು, ಧಾರವಾಡದ ಕಡೆಯವಳಿರಬೇಕು, ಬೇಸಿಗೆ ರಜೆಯೊಳಗೇ ಮುಗಿಯಬೇಕು ಎಂಬಷ್ಟನ್ನು ಪ್ರಾರ್ಥನೆಯಲ್ಲಿ ತಿಳಿಸಿದ್ದಾರೆ.

ಈ ವಿಷಯದಲ್ಲಿ ಅವರಿಗೆ ಹಿರಿಯರ ಮೇಲ್ಪಂಕ್ತಿಯೂ ಉಂಟು. ಬಾಸೆಲ್ ಮಿಶನ್ ಬೆಟಗೇರಿಯಲ್ಲಿ ನೆಲೆಯೂರಿದ್ದು 1841ರಲ್ಲಿ. ಹತ್ತಿರದ ಮಲಸಮುದ್ರದಲ್ಲಿ ಒಕ್ಕಲುತನದ ವಸಾಹತೊಂದನ್ನೂ ಮಿಶನರಿಗಳು ಹೂಡಿದರು; ಅದು ಬಹಳ ಕಾಲ ಬಾಳಲಿಲ್ಲ. ಬದುಕನ್ನೇ ದೇವರಿಗೊಪ್ಪಿಸಿ ಹಡಗು ಹತ್ತಿದ ಆ ಮಂದಿ ಮದುವೆಯಾಗಬೇಕಾದರೆ ಮಾತ್ರ ಬಾಸೆಲ್‌ನ ಕಮಿಟಿಗೆ ಪತ್ರ ಬರೆದು, ಉತ್ತರ ಬರುವ ತನಕ ಕಾಯಬೇಕಿತ್ತು. ಎಷ್ಟೋ ಸಲ ಮದುಮಗಳನ್ನೂ ಅಲ್ಲಿಂದಲೇ ಗೊತ್ತುಮಾಡಿ ಕಳಿಸುತ್ತಿದ್ದರು. ಇದನ್ನು ಕೇಳಿದಾಗಿನಿಂದ ಸಮರ್ಪಣಪ್ಪನವರಿಗೆ ಕಮಿಟಿಗಳೆಂದರೆ ಭಕ್ತಿ. ಚರ್ಚಿನ ಮೂರು ಕಮಿಟಿಗಳಲ್ಲಿದ್ದಾರೆ.

ಹಾಗೆಂದು ಅವರನ್ನು ಬರೀ ನಗೆಪಾಟಲು ಮಾಡುವುದೂ ನ್ಯಾಯವಲ್ಲ. ಮುಂಗಾರು ಕೈಕೊಟ್ಟರೆ ಹೆಸರು, ಹಿಂಗಾರು ಕೈಕೊಟ್ಟರೆ ಕಡಲೆ ಹೋಗುವ ಸೀಮೆಯಲ್ಲಿ ನಿಶ್ಚಿಂತೆಯಾಗಿ ಕೂರುವುದು ಹೇಳಿದಷ್ಟು ಸುಲಭವೇ? ಗೆತ್ಸೆಮನೆಯ ತೋಟದಲ್ಲಿ ಯೇಸುವೇ ಮೊದಲು, ಈ ಪಾತ್ರೆ ತಪ್ಪುವಂತಿದ್ದರೆ ತಪ್ಪಲಿ ಎಂದು ಬೇಡಿ, ಆಮೇಲೆ ತಂದೆಯ ಚಿತ್ತಕ್ಕೆ ಒಪ್ಪಿಸಿಕೊಂಡದ್ದು. ಸಭಾಪಾಲಕರು ಒಂದು ಭಾನುವಾರ ಇದನ್ನೇ ಮನಮುಟ್ಟುವಂತೆ ಬೋಧಿಸಿದರು. ಹೊರಗೆ ಬಂದ ಸಮರ್ಪಣಪ್ಪನವರು ಅವರ ಕೈಕುಲುಕಿ, ‘ಭಾಳ ಚಲೋ ಹೇಳಿದ್ರಿ ಅಯ್ನೋರ. ಮೊದಲಿನ ಭಾಗ ನಾ ದಿನಾ ಮಾಡ್ತೀನ್ರಿ’ ಎಂದರು.

ಅವರನ್ನು ನೋಡಬೇಕಾದದ್ದು ಸುಗ್ಗಿ ಹಬ್ಬದಂದು. ಪ್ರಥಮ ಫಲವೆಂದು ಕುಂಬಳಕಾಯಿ, ಜೋಳ, ಜವಾರಿ ಕೋಳಿ ಎಲ್ಲ ಬಂದು ಬೀಳುತ್ತವೆ. ಆರಾಧನೆ ಮುಗಿದ ಮೇಲೆ ಲಿಲಾವು. ಸಮರ್ಪಣಪ್ಪನವರದು ಒಂದು ಚೀಲ ಉಳ್ಳಾಗಡ್ಡಿ. ಕೂಗು ಏಳುನೂರಕ್ಕೆ ನಿಂತಿತು. ಅವರಿಗೆ ತಡೆಯಲಿಲ್ಲ. ‘ಕರ್ತಗ ಕೊಟ್ಟ ಮಾಲು ಇಷ್ಟು ಅಗ್ಗಕ್ಕ ಹೋಗಬಾರದು’ ಎಂದು ತಾವೇ ಎಂಟುನೂರಕ್ಕೆ ಕೂಗಿ, ಗೆದ್ದು, ಚೀಲ ಆಟೋಕ್ಕೆ ಏರಿಸಿದರು.

‘ದೇವರಿಗೆ ಕೊಟ್ಟಿದ್ದನ್ನ ಹೊಳ್ಳಿ ಮನಿಗೆ ತರ್ತೀರೇನ್ರೀ?’ ಎಂದರು ಮನೆಯವರು.

‘ರೊಕ್ಕ ಕರ್ತಗ ಮುಟ್ಟೇತಲ್ಲ. ಚೀಲ ಮನಿಗೆ ಯಾಕ, ಯಶವಂತಪುರಕ್ಕ ಹೊಕ್ಕೈತಿ. ಅಲ್ಲಿ ಇವತ್ತ ಸಾವಿರದ ನೂರು ನಡದೈತಿ.’