ಅರವತ್ತು ಸಾವಿರದ ಯಂತ್ರಯಾಗ

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ, ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಲೇಬೇಕಾದಷ್ಟು ವಿಶಾಲವಾದ ಮಹಡಿಯಂಗಡಿಯೊಂದರಲ್ಲಿ, ನಿವೃತ್ತ ಶಿರಸ್ತೇದಾರರಾದ ರಾಯರೂ, ಗೇಮಿಂಗ್ ಕಂಪ್ಯೂಟರಿಗಾಗಿ 60,000 ರೂಪಾಯಿಗಳ ಮಂಜೂರಾತಿಯನ್ನು ಬಹುಕಷ್ಟದಿಂದ ಸಂಪಾದಿಸಿದ್ದ ಅವರ ಚಿರಂಜೀವಿಯೂ ನಡೆಸಿದ ಸಂವಾದವಿದು.

"ಅಪ್ಪಾ, ಅರ್ಧ ಹಣ ಗ್ರಾಫಿಕ್ಸ್ ಕಾರ್ಡಿಗೇ ಬೇಕು."

"ಆಗಲಿ, ಉಳಿದರ್ಧಕ್ಕೆ ಕಂಪ್ಯೂಟರು ಬರುವುದಷ್ಟೆ?"

"ಪ್ರೊಸೆಸರು, ಮದರ್‌ಬೋರ್ಡು, ಎಸ್‌ಎಸ್‌ಡಿ, 8 ಜಿಬಿಯ ಎರಡು ರ್‍ಯಾಮ್..."

"16ರದು ಒಂದೇ ಸಾಲದೆ?"

"ಎರಡಿದ್ದರೆ ಮಾಹಿತಿ ಎರಡು ದಾರಿಯಲ್ಲಿ ಹರಿಯುತ್ತದೆ."

"ನನ್ನ ಮಾತು ನಿನ್ನೊಳಗೆ ಒಂದು ದಾರಿಯಲ್ಲಿಯೂ ಹರಿಯದು!"

ಇಷ್ಟು ಶಾಸ್ತ್ರಜ್ಞನಾದ ಕುಮಾರನು, ಬಣ್ಣಬಣ್ಣದ ಫ್ಯಾನುಗಳಿಂದ ದೇದೀಪ್ಯಮಾನವಾದ ಗಾಜಿನ ಕ್ಯಾಬಿನೆಟ್ಟೊಂದನ್ನು ಕಂಡೊಡನೆಯೇ ವಿವೇಕವನ್ನು ವಿಸರ್ಜಿಸಿ, ಅದರ ವೆಚ್ಚವನ್ನು ಸರಿದೂಗಿಸಲೋಸುಗ, ಸಮಸ್ತ ಅಂಗಗಳಿಗೂ ವಿದ್ಯುತ್ತನ್ನುಣಿಸುವ ಎಸ್‌ಎಂಪಿಎಸ್ಸನ್ನೇ—ತಾನು ಸುಡುವಾಗ ನೆರೆಯವರನ್ನೂ ಜೊತೆಗೊಯ್ಯಬಲ್ಲ ವಸ್ತುವದು—ಹೆಸರಿಲ್ಲದ ಅಗ್ಗದ ಮಾಲಿಗೆ ಇಳಿಸಲು ಸಿದ್ಧನಾದನು.

"ಮಗು, ನೀನು ಡಬ್ಬಿ ನೋಡುತ್ತ ಆಡುವೆಯೋ, ಪರದೆ ನೋಡುತ್ತಲೋ?" ಎಂದರು ರಾಯರು.

"ಒಳ್ಳೆಯದನ್ನೇ ಕೇಳಿದಿರಿ ಸ್ವಾಮಿ," ಎಂದನು, ಅದುವರೆಗೆ ಮೌನವ್ರತದಲ್ಲಿದ್ದ ಅಂಗಡಿಯವನು. "ಈ ಪಟ್ಟಿಯಲ್ಲಿ ಮಾನಿಟರೇ ಇಲ್ಲ. ಶೇಕಡಾ 18 ಜಿಎಸ್‌ಟಿಯೂ ಸೇರಿಲ್ಲ."

ಅಂದು ಖರೀದಿಯಾದದ್ದು ಮೌಸ್ ಒಂದೇ.