ಚೀಲ ಎತ್ತಿದ ಕಥೆ

ಕಚೇರಿಗೆ ಹೊರಡುವಾಗ ನೆಲದ ಮೇಲೆ ಬಿದ್ದಿದ್ದ ಕಾಲುಚೀಲ ಎತ್ತಿಕೊಳ್ಳಲು ಬಗ್ಗಿದೆ. ಬಗ್ಗಿದ್ದು ನೆನಪಿದೆ, ಎದ್ದದ್ದಿಲ್ಲ. ಟೊಂಕಕ್ಕೆ ಚಳಕು ಹಿಡಿದಿತ್ತು. ರಾಯಚೂರಿನ ಬಿಸಿಲಲ್ಲಿ ಕಾಲುಚೀಲ ಹಾಕುವವನಿಗೆ ಇಷ್ಟಾದರೂ ಆಗಬೇಕು ಅನ್ನಿ.

ನೋವಿಗಿಂತ ನಾಚಿಕೆಯೇ ಹೆಚ್ಚಾಯಿತು. ನಮ್ಮ ರಾಜೇಂದ್ರ ಗಂಜಿನಲ್ಲಿ ಹಮಾಲರು ಭತ್ತದ ಚೀಲ ಬೆನ್ನಿಗೇರಿಸಿಕೊಂಡು ಹರಟೆ ಹೊಡೆಯುತ್ತಲೇ ನಡೆಯುತ್ತಾರೆ. ಅಂಥ ಊರಲ್ಲಿ ಗೇಣುದ್ದದ ಬಟ್ಟೆ ಎತ್ತಿ ಮಲಗಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಕೇಳಿದವರಿಗೆಲ್ಲ "ಚೀಲ ಎತ್ತಾಕ ಹೋಗಿದ್ದೆ" ಎಂದೆ. ಸುಳ್ಳಲ್ಲವಲ್ಲ! ಮಾನ್ವಿಯ ಮಾವನವರು ಅದು ತಾವು ಕಳಿಸಿದ ಸೋನಾ ಮಸೂರಿ ಚೀಲವೇ ಎಂದುಕೊಂಡು, "ನಮ್ಮ ಅಕ್ಕಿಯಿಂದ ಹಿಂಗಾತಲ್ರಿ" ಎಂದು ಫೋನಿನಲ್ಲೇ ಪೇಚಾಡಿದರು. ಆ ಅಕ್ಕಿ ಬೆಳೆಸಿದ ಎಡದಂಡೆ ಕಾಲುವೆಯ ನೀರಿನ ಮೇಲೂ ಸ್ವಲ್ಪ ತಪ್ಪು ಹೊರಿಸಿದರು. ಅತ್ತೆ ಮಾತ್ರ ಹುರಿದ ಉಪ್ಪಿನ ಗಂಟಿನ ಶಾಖ ಹೇಳಿದರು. ಹಿತವಾಗಿಯೇ ಇತ್ತು.

ಡಾಕ್ಟರ ಮುಂದೆ ನಿಜ ಒಪ್ಪಿಕೊಂಡೆ. ಅವರು ನಗಲಿಲ್ಲ. ದಿನವಿಡೀ ಕುರ್ಚಿಯಲ್ಲಿ ಕೂತು ಬಿಗಿದ ಬೆನ್ನನ್ನು ಒಮ್ಮೆಲೇ ಬಗ್ಗಿಸಿ ತಿರುಚಿದರೆ ಸಾಕು, ಭಾರವೇ ಬೇಕಿಲ್ಲ ಎಂದರು. ಎಕ್ಸ್‌ರೇ ಕೇಳಿದೆ. "ಅದರಾಗ ಎಲುಬು ಕಾಣ್ತಾವ, ಸ್ನಾಯು ಕಾಣಂಗಿಲ್ಲ." ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಕೂಡಲೇ ಓಡಿ ಬರಬೇಕಂತೆ. (ಕಾಲಿನ ಬಲ ಕುಂದಿದವನು ಓಡುವುದು ಹೇಗೋ!) ಇಲ್ಲವಾದರೆ ಮಲಗಿರದೆ ಮೆಲ್ಲಗೆ ಅಡ್ಡಾಡಬೇಕು, ಬಹುಪಾಲು ಚಳಕು ನಾಲ್ಕಾರು ವಾರದಲ್ಲಿ ತಾನೇ ಹೋಗುತ್ತದೆ. ಹಾಸಿಗೆ ಬಿಡಬೇಕೆಂದದ್ದು ಕೇಳಿ ಹೆಂಡತಿಯ ಮುಖ ಅರಳಿತು.

ದೇವದುರ್ಗದ ದೊಡ್ಡವ್ವ ಇದನ್ನೆಲ್ಲ ಒಪ್ಪಬೇಕಲ್ಲ? ಆಕೆ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಚಳಕು ಬಿಡುತ್ತದೆಂದು ನಂಬಿಕೆ. ನನ್ನನ್ನು ಒದೆಯಲೆಂದೇ ಎಪ್ಪತ್ತೆರಡರ ಮುದುಕಿ ಬಸ್ಸು ಹತ್ತಿ, ಗಬ್ಬೂರು ದಾಟಿ ಬಂದಳು. ನನ್ನನ್ನು ಹೊಸ್ತಿಲ ಮೇಲೆ ನಿಲ್ಲಿಸಿ, ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಇನ್ನೊಂದರಲ್ಲಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಮನೆದೇವರ ಹೆಸರು ಹೇಳಿ ಕಾಲೆತ್ತಿದಳು. ಒದೆ ನನ್ನವರೆಗೆ ಬರಲೇ ಇಲ್ಲ.

"ಯವ್ವಾ, ಮಣಕಾಲು!"

ಹೊಸ ಉಳುಕಿಗೆ ತಿಕ್ಕಬಾರದು, ಬರ್ಫ ಇಡಬೇಕು ಎಂದು ಹೇಳುವಷ್ಟರ ಮಟ್ಟಿಗೆ ನಾನೂ ಅರ್ಧ ಡಾಕ್ಟರಾಗಿದ್ದೆ. ಪಡಸಾಲೆಯಲ್ಲಿ ನಾನು ಆಕೆಯ ಮಣಕಾಲಿಗೆ ಟವೆಲ್ಲಿನಲ್ಲಿ ಸುತ್ತಿದ ಬರ್ಫ ಹಿಡಿದರೆ, ಆಕೆ ನನ್ನ ಟೊಂಕಕ್ಕೆ ಉಪ್ಪಿನ ಗಂಟು ಒತ್ತುತ್ತಿದ್ದಳು. ಓಣಿಯವರು ಬರುವ ಸಪ್ಪಳವಾಯಿತು. ದೊಡ್ಡವ್ವ ಸೆರಗು ಸರಿಮಾಡಿಕೊಂಡು ಪಿಸುಗುಟ್ಟಿದಳು:

"ತಮ್ಮಾ, ನಾನೂ ಚೀಲಾನ ಎತ್ತಿದ್ದೆ ಅಂತ ಹೇಳೋ."