ಪ್ಲಂಬರ್‌ಗೆ ಕಾಸು, ಗಿಟಾರಿನವನಿಗೆ ಚಪ್ಪಾಳೆ

ಸ್ಟೀವ್ ಆಲ್ಬಿನಿ 2024ರ ಮೇ 7ರಂದು ಶಿಕಾಗೊದಲ್ಲಿ ಹೃದಯಾಘಾತದಿಂದ ತೀರಿಕೊಂಡ. 61 ವರ್ಷ. ನಮ್ಮ ಬೆಂಗಳೂರಿನ ಗೊಟ್ಟಿಗೆರೆಯ ಅಪಾರ್ಟ್‌ಮೆಂಟುಗಳಲ್ಲೂ ಅವನಿಗಾಗಿ ಅಳುವವರಿದ್ದರು. ಅತ್ತದ್ದು ವಾಟ್ಸಾಪ್ ಸ್ಟೇಟಸ್ಸಿನಲ್ಲಿ. 24 ಗಂಟೆಗೆ ಶೋಕ ತಾನಾಗಿಯೇ ಅಳಿಸಿಹೋಯಿತು.

ರಾಕ್ ಬ್ಯಾಂಡುಗಳಾದ ಪಿಕ್ಸೀಸ್‌ನ 'ಸರ್ಫರ್ ರೋಸಾ', ನಿರ್ವಾಣದ 'ಇನ್ ಯೂಟೆರೊ' ಆಲ್ಬಂ ಧ್ವನಿಮುದ್ರಿಸಿದವನು ಈತ. ಪ್ರೊಡ್ಯೂಸರ್ ಎಂದು ಕರೆದರೆ ಆಗುತ್ತಿರಲಿಲ್ಲ. ಹಾಡು ಬ್ಯಾಂಡಿನದು, ತನ್ನದು ಮೈಕ್ ಇಡುವ ಕೆಲಸ ಎನ್ನುತ್ತಿದ್ದ. ನಮ್ಮಲ್ಲಿ ಮೈಕ್ ಬಾಡಿಗೆಗೆ ಕೊಟ್ಟವನೂ ವೇದಿಕೆ ಹತ್ತಿ ಶಾಲು ಹೊದೆಸಿಕೊಳ್ಳುತ್ತಾನೆ.

ಬಾಯಿ ಮಾತ್ರ ಹರಕು. ಅವನ ಅಭಿಮಾನಿಗಳಿಗೆ ಇಷ್ಟವಾದದ್ದು ಅದೇ. 'ಎಂಥಾ ನೇರನುಡಿ ಗುರೂ!'

ಸರಿ, ಆ ನೇರನುಡಿ ಏನು ಹೇಳಿತು?

1993ರಲ್ಲಿ ಅವನೊಂದು ಲೇಖನ ಬರೆದ. ಅದರಲ್ಲಿ ಸಂಗೀತದ ವರ್ಣನೆಗಿಂತ ಲೆಕ್ಕ ಹೆಚ್ಚು. ದೊಡ್ಡ ಕಂಪನಿಯ ಒಪ್ಪಂದಕ್ಕೆ ಸಹಿ ಹಾಕಿದ ಒಂದು ಬ್ಯಾಂಡ್ ಎಂದುಕೊಳ್ಳಿ ಎಂದ. ಸಾಲು ಸಾಲು ಖರ್ಚು ಕಳೆದ. ಕೊನೆಗೆ ಕಂಪನಿಗೆ 7,10,000 ಡಾಲರ್. ಬೆವರು ಸುರಿಸಿ ನುಡಿಸಿದವನಿಗೆ 4,031 ಡಾಲರ್ 25 ಸೆಂಟ್.

ನಿರ್ವಾಣಕ್ಕೆ ಪತ್ರ ಬರೆದು, ನನಗೆ ರಾಯಲ್ಟಿ ಬೇಡ, ಪ್ಲಂಬರ್‌ಗೆ ಕೊಟ್ಟ ಹಾಗೆ ಕೂಲಿ ಕೊಟ್ಟುಬಿಡಿ ಎಂದ. ಒಂದೇ ಸಲ 1,00,000 ಡಾಲರ್ ಪಡೆದ. 'ಇನ್ ಯೂಟೆರೊ' ಲಕ್ಷಗಟ್ಟಲೆ ಮಾರಾಟವಾದಾಗಲೂ ಪಾಲು ಕೇಳಲಿಲ್ಲ.

ಈಗ ಗೊಟ್ಟಿಗೆರೆಗೆ ಬನ್ನಿ. ಇಲ್ಲಿ ಪ್ಲಂಬರ್ ಬಂದು ನಲ್ಲಿ ನೋಡಿ 'ವಾಷರ್ ಹೋಗಿದೆ' ಎಂದರೂ ವಿಸಿಟಿಂಗ್ ಚಾರ್ಜ್ ಉಂಟು. ಯಾರೂ ಚೌಕಾಸಿ ಮಾಡುವುದಿಲ್ಲ. ಮಾಡಿದರೆ ನಾಳೆ ಅವನು ಬರುವುದಿಲ್ಲ.

ಆಲ್ಬಿನಿ ಸತ್ತ ಆ ಬೇಸಿಗೆಯಲ್ಲಿ ಊರಿಗೆ ಊರೇ ನೀರಿನ ಟ್ಯಾಂಕರ್ ಹಿಂದೆ ಓಡುತ್ತಿತ್ತು. ಜಿಲ್ಲಾಡಳಿತ ಮಾರ್ಚ್‌ನಲ್ಲೇ ದರ ಕಟ್ಟಿತ್ತು: 5 ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ. ಟ್ಯಾಂಕರಿನವನಿಗೆ 'ಎಕ್ಸ್‌ಪೋಶರ್ ಸಿಗುತ್ತೆ, ಒಂದು ಲೋಡ್ ಹಾಗೇ ಇಳಿಸಿ ಹೋಗಪ್ಪ' ಎಂದ ಧೀರ ಯಾರಾದರೂ ಇದ್ದರೆ ತಿಳಿಸಿ. ಸನ್ಮಾನ ಮಾಡೋಣ.

ಆದರೆ ನವೆಂಬರ್ ಬರಲಿ. ಅಪಾರ್ಟ್‌ಮೆಂಟ್ ಅಸೋಸಿಯೇಶನ್ನಿಗೆ ರಾಜ್ಯೋತ್ಸವ ನೆನಪಾಗುತ್ತದೆ. ಶಾಮಿಯಾನಕ್ಕೆ ಬಜೆಟ್ ಇದೆ. ಕೇಟರಿಂಗಿಗೆ ಇದೆ. ಶಾಸಕರ ಹಾರಕ್ಕೂ ಇದೆ. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಆಂಪ್ಲಿಫೈಯರ್ ಹೊತ್ತು ಬರುವ ಹುಡುಗರಿಗೆ? 'ಒಳ್ಳೇ ಕ್ರೌಡ್ ಇರುತ್ತೆ. ಊಟ ನಮ್ದೇ.'

ಹೀಗೆ ಹೇಳುವವನ ಟೀ ಶರ್ಟಿನ ಮೇಲೆ ನಿರ್ವಾಣ.

ರಾಯಲ್ಟಿ ಬೇಡ ಎಂದ ಸಂತ ಎಂದು ಆಲ್ಬಿನಿಯನ್ನು ಹೊಗಳುವವರಿದ್ದಾರೆ. ಬೇಡ ಎನ್ನಲು ಮೊದಲು ಯಾರಾದರೂ ಕೊಡಬೇಕಲ್ಲ ಸ್ವಾಮಿ. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಸಿನಿಮಾ ಹಾಡು ಚಿತ್ರಮಂದಿರದ ಆಚೆ ದುಡಿದರೆ ಬರೆದವರಿಗೂ ರಾಗ ಹಾಕಿದವರಿಗೂ ಪಾಲು ಸಲ್ಲಬೇಕು. ಕಾಯ್ದೆ ಪುಸ್ತಕದಲ್ಲಿ ಭದ್ರವಾಗಿದೆ. ಅಸೋಸಿಯೇಶನ್ ಸ್ಪೀಕರಿಗೆ ಓದಲು ಬರುವುದಿಲ್ಲ.

ಇದು ಇಂಗ್ಲಿಷ್ ರಾಕ್ ಮಂದಿಯ ಗೋಳು, ನಮಗೇಕೆ ಎನ್ನಬೇಡಿ. ಗಾಯಕ ಸಿ. ಅಶ್ವತ್ಥ್ ನಮ್ಮ ದಕ್ಷಿಣ ಬೆಂಗಳೂರಿನವರೇ. ಮಾತಿನಲ್ಲಿ ಯಾರ ಮುಲಾಜೂ ಇರಲಿಲ್ಲ. 2005ರಲ್ಲಿ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಮಾಡಿ ಭಾವಗೀತೆಗೆ ಜನಸಾಗರ ಸೇರಿಸಿದರು. 2009ರ ಡಿಸೆಂಬರ್ 29ರಂದು, ಹುಟ್ಟಿದ ದಿನವೇ ಹೋದರು. ಎನ್.ಆರ್. ಕಾಲನಿಯಲ್ಲಿ ಅವರ ಹೆಸರಿನ ಕಲಾಭವನವಿದೆ. ಉಳಿದದ್ದು? ಅವರ ಸಿಟ್ಟಿನ ಕಥೆಗಳು ಮತ್ತು ಕರೋಕೆ ಟ್ರ್ಯಾಕ್. ಪೆನ್ ಡ್ರೈವ್ ಚುಚ್ಚಿದರೆ ಅಶ್ವತ್ಥ್ ಗೀತಗಾಯನ ಶುರು. ತಬಲಾದವನಿಗೆ ಕೊಡುವ ದುಡ್ಡು ಉಳಿಯಿತು. ಪರಂಪರೆಯೂ ಉಳಿಯಿತಂತೆ.

ನಾಡಗೀತೆಗೆ ಮೈಸೂರು ಅನಂತಸ್ವಾಮಿ ಧಾಟಿಯೋ ಅಶ್ವತ್ಥ್ ಧಾಟಿಯೋ ಎಂದು ಹೈಕೋರ್ಟಿನವರೆಗೆ ಹೋದೆವು. ಹಾಡುವುದಕ್ಕೆ 2 ನಿಮಿಷ 30 ಸೆಕೆಂಡ್ ಎಂದು ಸರ್ಕಾರ 2022ರಲ್ಲಿ ಅಳೆದು ಕೊಟ್ಟಿತು. ಹಾಡಿದವರಿಗೆ ಎಷ್ಟು ಎಂದು ಅಳೆಯಲು ಮಾತ್ರ ಗಡಿಯಾರ ಸಿಗಲಿಲ್ಲ.

ಆಲ್ಬಿನಿ ಸಂತನಲ್ಲ. ಯೌವನದಲ್ಲಿ ಅತ್ಯಾಚಾರದ ಹೆಸರಿಟ್ಟು ಬ್ಯಾಂಡ್ ಕಟ್ಟಿದ. ಜನಾಂಗದ ಬಗ್ಗೆ, ಹೆಂಗಸರ ಬಗ್ಗೆ ಹೊಲಸು ಜೋಕು ಮಾಡಿದ. ಬಿಳಿ ಗಂಡಸಿಗೆ ಅದರಿಂದ ನಷ್ಟವೇನೂ ಇರಲಿಲ್ಲ. 2021ರಲ್ಲಿ ಅದನ್ನು ತಾನೇ ಒಪ್ಪಿಕೊಂಡ. ಸುಖದ ಜಾಗದಲ್ಲಿ ಕೂತು ಆಡಿದ ಮಾತುಗಳು, ತಪ್ಪಾಯಿತು ಎಂದ. 'ನನ್ನ ಮಾತನ್ನು ತಿರುಚಲಾಗಿದೆ' ಎನ್ನಲಿಲ್ಲ. ನಮ್ಮ ವಿಧಾನಸೌಧದಲ್ಲಿ ಹುಟ್ಟಿದ್ದರೆ ಅಷ್ಟಾದರೂ ಕಲಿಯುತ್ತಿದ್ದ.

ಹಾಗಾಗಿ ಅವನು ಬಿಟ್ಟುಹೋದದ್ದು ಮೂರು. ಹರಕು ಬಾಯಿ. ಕೂಲಿಯ ಲೆಕ್ಕ. ತಡವಾಗಿ ಬಂದರೂ ನೆಟ್ಟಗೆ ಬಂದ ಕ್ಷಮೆ. ಎರಡನೆಯದಕ್ಕೆ ಜೇಬು ಬೇಕು, ಮೂರನೆಯದಕ್ಕೆ ಬೆನ್ನುಮೂಳೆ. ನಮ್ಮ ಅಭಿಮಾನಿಗಳು ಆರಿಸಿಕೊಂಡದ್ದು ಮೊದಲನೆಯದನ್ನು. ವಾಚ್‌ಮನ್‌ಗೆ ಬೈದು, ಹೆಂಡತಿಯನ್ನು ಗೇಲಿ ಮಾಡಿ, 'ನಾನು ಇರೋದೇ ಹೀಗೆ, ಸ್ಟ್ರೇಟ್ ಫಾರ್ವರ್ಡ್' ಎನ್ನುತ್ತಾರೆ. ಸ್ಟ್ರೇಟ್ ಫಾರ್ವರ್ಡ್ ಮನುಷ್ಯನಿಗೆ ಪೇಮೆಂಟ್ ವಿಷಯ ಬಂದ ಕೂಡಲೇ ಫೋನ್ ಸಿಗ್ನಲ್ ಹೋಗುತ್ತದೆ.

ನೇರನುಡಿಯ ಮೇಲೆ ನಿಜಕ್ಕೂ ಪ್ರೀತಿಯಿದ್ದರೆ ಒಂದು ಕೆಲಸ ಮಾಡಿ. ಈ ನವೆಂಬರಿಗೆ ಬ್ಯಾಂಡಿನ ಹುಡುಗರಿಗೆ ಫೋನ್ ಮಾಡಿದಾಗ ಮೊದಲ ವಾಕ್ಯದಲ್ಲೇ ಮೊತ್ತ ಹೇಳಿ. ಆಗದಿದ್ದರೆ ಬಾಯಿ ಮುಚ್ಚಿಕೊಂಡಿರಿ. ನಿಮಗೆ ಹೇಗೂ ಇಷ್ಟವಾಗಬೇಕು, ಅದು ಫ್ರೀ.